ಮೋಟಾರುಗಾಡಿಯ ಧ್ವನಿವರ್ಧಕ: ಅದರ ಚರಿತ್ರೆಯೂ ಸಂಸ್ಕಾರವೂ

ಒಂದು ವಸ್ತುವನ್ನು ಇದ್ದುದಕ್ಕಿಂತ ಉತ್ತಮವನ್ನಾಗಿ ಮಾಡುವ ಕ್ರಿಯೆಗೆ ಪ್ರಾಚೀನರು ಸಂಸ್ಕಾರವೆಂದು ಹೆಸರಿಟ್ಟು ಅದನ್ನು ಎರಡು ಬಗೆಯಾಗಿ ವಿಭಾಗಿಸಿದರು. ಇರುವ ದೋಷವನ್ನು ಕಳೆಯುವುದು ಒಂದು. ಇಲ್ಲದ ಗುಣವನ್ನು ತಂದಿಡುವುದು ಇನ್ನೊಂದು. ಮೊದಲನೆಯದು ದೋಷಾಪನಯನ, ಎರಡನೆಯದು ಗುಣಾಧಾನ. ಅಕ್ಕಿಯಿಂದ ಕಲ್ಲನ್ನು ಆರಿಸುವುದು ಮೊದಲನೆಯದಕ್ಕೂ, ಅನ್ನಕ್ಕೆ ತುಪ್ಪವನ್ನು ಬಡಿಸುವುದು ಎರಡನೆಯದಕ್ಕೂ ಉದಾಹರಣೆಯಾಗಬಹುದು. ಕಲ್ಲನ್ನು ಆರಿಸದೆ ತುಪ್ಪವನ್ನೆಷ್ಟು ಬಡಿಸಿದರೂ ಹಲ್ಲಿಗೆ ಸುಖವಿಲ್ಲವೆಂಬುದು ಗೃಹಸ್ಥರೆಲ್ಲರಿಗೂ ತಿಳಿದುದೇ ಆಗಿದೆ.

ಈ ವಿವೇಕಕ್ಕೆ ಇಂದಿನ ಸಂಸಾರಗಳಲ್ಲಿ ಹೊಸದೊಂದು ಪ್ರಸಕ್ತಿಯುಂಟಾಗಿದೆ. ಮನೆಮಂದಿಯೆಲ್ಲ ಕುಳಿತು ಊರಿಗೂ ಯಾತ್ರೆಗೂ ಹೋಗಿಬರುವ ಕಾರಿನಲ್ಲಿ, ಕಾರ್ಖಾನೆಯವರು ಕೊಟ್ಟ ಧ್ವನಿವರ್ಧಕಗಳನ್ನು ತೆಗೆದುಹಾಕಿ ಹೆಚ್ಚಿನವುಗಳನ್ನು ಜೋಡಿಸುವುದು ಈಗ ಸರ್ವತ್ರ ವಾಡಿಕೆಯಾಗಿದೆ. ಸ್ಪೀಕರೆಂದು ಜನರು ಕರೆಯುವ ಈ ಚಿಕ್ಕ ಯಂತ್ರಕ್ಕಾಗಿ ಕೆಲವರು ಐದಾರು ಸಾವಿರ ರೂಪಾಯಿಗಳನ್ನು ವೆಚ್ಚಮಾಡುತ್ತಾರೆ. ಕೆಲವರು ಅದರ ಹತ್ತರಷ್ಟನ್ನು ಮಾಡುತ್ತಾರೆ. ವೆಚ್ಚಮಾಡಿದವರಲ್ಲಿ ಅನೇಕರಿಗೆ ಸದ್ದು ಹೆಚ್ಚಾಗುವುದೇ ಹೊರತು ಹಾಡು ತಿಳಿಯಾಗುವುದಿಲ್ಲ. ಇದಕ್ಕೆ ಕಾರಣವೇನೆಂಬುದನ್ನು ವಾಹನಧ್ವನಿಯ ಸುಮಾರು ನೂರು ವರ್ಷಗಳ ಚರಿತ್ರೆಯು ಸ್ಪಷ್ಟವಾಗಿ ಹೇಳುತ್ತದೆ.

ಶಬ್ದವು ಹುಟ್ಟಿದೆಡೆಯಿಂದ ಕಿವಿಗೆ ಹೇಗೆ ಬರುತ್ತದೆಂಬ ವಿಚಾರದಲ್ಲಿ ಭಾರತೀಯ ತಾರ್ಕಿಕರು ಎರಡು ನ್ಯಾಯಗಳನ್ನು ಹೇಳುತ್ತಿದ್ದರು. ಕೊಳದಲ್ಲಿ ಒಂದು ಅಲೆಯು ಇನ್ನೊಂದನ್ನು ಹುಟ್ಟಿಸುತ್ತ ದಡವನ್ನು ಸೇರುವಂತೆ ಎಂಬುದು ವೀಚೀತರಂಗನ್ಯಾಯ. ಕದಂಬದ ಮೊಗ್ಗು ಒಮ್ಮೆಲೇ ಎಲ್ಲ ಕಡೆಗೂ ಬಿರಿಯುವಂತೆ ಎಂಬುದು ಕದಂಬಮುಕುಳನ್ಯಾಯ. ಶಬ್ದಕ್ಕೆ ಆಶ್ರಯವು ಆಕಾಶವೆಂದು ಅವರು ತಿಳಿದಿದ್ದರು. ಅದು ವಾಯುವಿನ ಒತ್ತಡದ ಏರಿಳಿತವೆಂದು ಈಗ ಸಿದ್ಧವಾಗಿದೆ. ಆದರೂ ಈ ಎರಡು ಹೋಲಿಕೆಗಳು ಧ್ವನಿವರ್ಧಕದ ಸ್ವಭಾವವನ್ನು ಅರಿಯಲು ಇಂದಿಗೂ ಉಪಯುಕ್ತವಾಗಿವೆ. ಮಂದ್ರಧ್ವನಿಯು ಕದಂಬದ ಮೊಗ್ಗಿನಂತೆ ಎಲ್ಲ ದಿಕ್ಕುಗಳಿಗೂ ಹರಡುತ್ತದೆ. ತಾರಧ್ವನಿಯಾದರೋ ತಾನು ಹೊರಟ ಬಾಯಿಯು ಅಗಲವಾಗಿದ್ದರೆ ನೇರವಾಗಿ ಮುಂದಕ್ಕೆ ಹೋಗುವುದೇ ಹೊರತು ಪಕ್ಕಗಳಿಗೆ ತಿರುಗುವುದಿಲ್ಲ. ಸೆಕೆಂಡಿಗೆ ೧೦೦ ಕಂಪನಗಳ ಧ್ವನಿಯ ಅಲೆಯು ಸುಮಾರು ಮೂರೂವರೆ ಮೀಟರು ಉದ್ದವಿದ್ದರೆ, ೧೦,೦೦೦ ಕಂಪನಗಳದು ಸುಮಾರು ಮೂರೂವರೆ ಸೆಂಟಿಮೀಟರು ಮಾತ್ರ ಇರುವುದೇ ಈ ಭೇದಕ್ಕೆ ಕಾರಣ.

ಅಯಸ್ಕಾಂತದ ನಡುವೆ ತಂತಿಯ ಸುರುಳಿಯೊಂದನ್ನು ತೂಗಿಟ್ಟು ವಿದ್ಯುತ್ತನ್ನು ಹರಿಸಿದರೆ ಅದು ಚಲಿಸುತ್ತದೆಂಬ ತತ್ತ್ವವನ್ನು ಜರ್ಮನಿಯ ವೆರ್ನರ್ ಸೀಮೆನ್ಸನು ೧೮೭೪ರಲ್ಲಿಯೇ ಸನದಿನಲ್ಲಿ ವರ್ಣಿಸಿದ್ದನು. ಇಂಗ್ಲೆಂಡಿನ ಆಲಿವರ್ ಲಾಡ್ಜನು ೧೮೯೮ರಲ್ಲಿ ಇದೇ ಮಾರ್ಗದಲ್ಲಿ ಮುಂದುವರಿದನು. ೧೯೧೫ರಲ್ಲಿ ಕ್ಯಾಲಿಫೋರ್ನಿಯದ ಪೀಟರ್ ಜೆನ್ಸನ್ ಮತ್ತು ಎಡ್ವಿನ್ ಪ್ರಿಡ್ಹ್ಯಾಮ್ ಎಂಬಿಬ್ಬರು ಇಂತಹ ಯಂತ್ರಕ್ಕೆ ಕಹಳೆಯನ್ನು ಜೋಡಿಸಿ, ಸಾವಿರಾರು ಜನರು ಒಟ್ಟಿಗೆ ಕೇಳುವಂತೆ ಮಾಡಿದರು. ಅವರು ತಮ್ಮ ಯಂತ್ರಕ್ಕಿಟ್ಟ ಮ್ಯಾಗ್ನವಾಕ್ಸ್ ಎಂಬ ಲ್ಯಾಟಿನ್ ಹೆಸರಿಗೆ ಮಹಾವಾಣಿಯೆಂದೇ ಅರ್ಥ. ಆದರೆ ಕಹಳೆಯ ಧ್ವನಿಯು ಕರ್ಕಶವಾಗಿಯೂ ಮೂಗಿನಿಂದ ಹೊರಟಂತೆಯೂ ಇದ್ದುದರಿಂದ ಅದು ಸಭೆಗೆ ಒಪ್ಪಿತೇ ಹೊರತು ಮನೆಗೆ ಒಪ್ಪಲಿಲ್ಲ.

ಈ ಕೊರತೆಯನ್ನು ನೀಗಿದವರು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲಾಗ್. ೧೯೨೫ರಲ್ಲಿ ಅವರು ಪ್ರಕಟಿಸಿದ ಲೇಖನದಲ್ಲಿ ಕಹಳೆಯಿಲ್ಲದ ಧ್ವನಿವರ್ಧಕವು ನಿರೂಪಿತವಾಯಿತು. ಕಾಗದದ ಶಂಕುವಿನ ಬುಡದಲ್ಲಿ ತಂತಿಯ ಸುರುಳಿ, ಅದರ ಸುತ್ತ ಅಯಸ್ಕಾಂತ, ಶಂಕುವಿನ ಅಂಚಿನಲ್ಲಿ ಮೆತ್ತಗಿನ ಸುತ್ತುಪಟ್ಟಿ: ಇಷ್ಟೇ ಅದರ ಅಂಗಗಳು. ಇಂದು ಕಾರುಗಳ ಬಾಗಿಲುಗಳಲ್ಲಿರುವ ಸ್ಪೀಕರಿನಲ್ಲಿಯೂ ಇವೇ ಅಂಗಗಳು ಇದೇ ಕ್ರಮದಲ್ಲಿವೆ. ಒಂದು ಯಂತ್ರದ ಮೂಲರಚನೆಯು ನೂರು ವರ್ಷಗಳವರೆಗೆ ಹೀಗೆ ಬದಲಾಗದೆ ನಿಂತಿರುವುದು ವಿರಳವೇ ಸರಿ.

ಆ ಲೇಖನದಲ್ಲಿ ಇನ್ನೊಂದು ತತ್ತ್ವವೂ ಅಡಗಿದ್ದಿತು. ಪ್ರಕೃತ ವಿಷಯಕ್ಕೆ ಅದೇ ಮುಖ್ಯವಾದುದು. ಶಂಕುವು ಮುಂದಕ್ಕೆ ಸರಿದಾಗ ಎದುರಿನ ಗಾಳಿಯು ಒತ್ತಲ್ಪಡುತ್ತದೆ. ಹಿಂದಿನ ಗಾಳಿಯು ಅದೇ ಕ್ಷಣದಲ್ಲಿ ಸಡಿಲವಾಗುತ್ತದೆ. ಇವೆರಡಕ್ಕೂ ನಡುವೆ ತಡೆಯಿಲ್ಲದಿದ್ದರೆ ಮುಂದಿನ ಗಾಳಿಯು ಹಿಂದಕ್ಕೆ ಸುತ್ತಿಕೊಂಡು ಹೋಗಿ ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಉದ್ದವಾದ ಅಲೆಗಳುಳ್ಳ ಮಂದ್ರಧ್ವನಿಗೆ ಈ ನಾಶವು ಅತಿಯಾಗಿ ಉಂಟಾಗುತ್ತದೆ. ಆದುದರಿಂದ ಧ್ವನಿವರ್ಧಕವನ್ನು ಹಲಗೆಯಲ್ಲಿಯೋ ಪೆಟ್ಟಿಗೆಯಲ್ಲಿಯೋ ಬಿಗಿಯಾಗಿ ಕೂಡಿಸಿ, ಮುಂದಣ ಗಾಳಿಯನ್ನು ಹಿಂದಣ ಗಾಳಿಯಿಂದ ಬೇರ್ಪಡಿಸಬೇಕು. ಯಂತ್ರವು ಎಷ್ಟು ಉತ್ತಮವಾಗಿದ್ದರೂ ಅದರ ನೆಲೆಯು ಕೆಟ್ಟಿದ್ದರೆ ಫಲವಿಲ್ಲವೆಂಬುದು ಇದರ ತಾತ್ಪರ್ಯ. ಗಾಯಕನು ಸಮರ್ಥನಾಗಿದ್ದರೆ ಸಾಲದು, ಮಂಟಪವೂ ಯೋಗ್ಯವಾಗಿರಬೇಕು.

ಮೋಟಾರುಗಾಡಿಗೆ ರೇಡಿಯೊ ಬಂದಾಗ ಈ ಮಂಟಪದ ಚಿಂತೆಯನ್ನು ಯಾರೂ ಮಾಡಲಿಲ್ಲ. ಷಿಕಾಗೋ ನಗರದ ಪಾಲ್ ಗ್ಯಾಲ್ವಿನ್ ಎಂಬ ವರ್ತಕನು ೧೯೩೦ರ ಜೂನ್ ತಿಂಗಳಲ್ಲಿ ತನ್ನ ಸ್ಟೂಡಿಬೇಕರ್ ಕಾರಿನೊಳಗೆ ರೇಡಿಯೊವನ್ನು ಜೋಡಿಸಿಕೊಂಡು, ರೇಡಿಯೊ ತಯಾರಕರ ಸಮ್ಮೇಳನವು ನಡೆಯುತ್ತಿದ್ದ ಅಟ್ಲಾಂಟಿಕ್ ಸಿಟಿಗೆ ಹೋದನು. ಅಲ್ಲಿ ಅಂಗಡಿಯನ್ನು ಹಿಡಿಯಲು ಅವನಿಗೆ ಅನುಕೂಲವಿರಲಿಲ್ಲ. ಆದಕಾರಣ ಗಾಡಿಯನ್ನು ಹೊರಗೆ ನಿಲ್ಲಿಸಿ, ಬಂದುಹೋಗುವವರಿಗೆ ಹಾಡನ್ನು ಕೇಳಿಸಿ ಗಿರಾಕಿಗಳನ್ನು ಸಂಪಾದಿಸಿದನು. ಅವನಿಟ್ಟ ಮೋಟರೋಲ ಎಂಬ ಹೆಸರೇ ೧೯೪೭ರಲ್ಲಿ ಅವನ ಸಂಸ್ಥೆಯ ಹೆಸರೂ ಆಯಿತು. ಆ ರೇಡಿಯೊವಿಗೆ ೧೧೦ ಡಾಲರುಗಳಿಗಿಂತ ಕಡಿಮೆಯಿಲ್ಲದ ಬೆಲೆಯಿದ್ದಿತು. ಸಾಮಾನ್ಯವಾದ ಫೋರ್ಡ್ ಕಾರು ಆಗ ಐನೂರು ಡಾಲರುಗಳ ಆಸುಪಾಸಿಗೆ ದೊರೆಯುತ್ತಿದ್ದುದನ್ನು ನೋಡಿದರೆ ಇದು ಎಷ್ಟು ದುಬಾರಿಯೆಂಬುದು ತಿಳಿಯುತ್ತದೆ. ರೇಡಿಯೊವಿನ ಬ್ಯಾಟರಿಗಳನ್ನು ಗಾಡಿಯ ನೆಲಹಲಗೆಯ ಕೆಳಗಿಡುತ್ತಿದ್ದರು. ಧ್ವನಿವರ್ಧಕವನ್ನು ಮುಂಭಾಗದಲ್ಲಿ, ಕಾಲುಗಳ ಹತ್ತಿರ, ಎಲ್ಲಿ ಎಡೆಯಿದ್ದಿತೋ ಅಲ್ಲಿ ತೂಗಹಾಕುತ್ತಿದ್ದರು. ಎಂಜಿನಿನ ಕಿಡಿಗಳಿಂದ ಹುಟ್ಟುವ ಗೊರಗೊರ ಶಬ್ದವು ಹಾಡನ್ನು ನುಂಗುತ್ತಿದ್ದಿತು. ಅದನ್ನು ಅಡಗಿಸುವುದೇ ಆ ಕಾಲದ ಕುಶಲಿಗಳ ಮುಖ್ಯ ಕೆಲಸವಾಗಿದ್ದಿತು.

ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಆ ಆರಂಭಕಾಲದಲ್ಲಿ ಕಾರ್ಖಾನೆಯ ಧ್ವನಿವರ್ಧಕವೆಂಬುದೇ ಸಾಮಾನ್ಯವಾಗಿ ಇರಲಿಲ್ಲ. ಗಾಡಿಯನ್ನು ಮಾಡುವವರು ಗಾಡಿಯನ್ನು ಮಾತ್ರ ಮಾಡುತ್ತಿದ್ದರು. ಧ್ವನಿಯು ಹೊರಗಿನ ಅಂಗಡಿಯಿಂದ ಬರುತ್ತಿದ್ದಿತು. ಜರ್ಮನಿಯಲ್ಲಿ ೧೯೩೨ರಲ್ಲಿ ಬ್ಲೌಪುಂಕ್ಟ್ ಎಂಬ ಹೆಸರಿನಿಂದ ಹೊರಟ ಕಾರುರೇಡಿಯೊವೂ ಸುಮಾರು ೧೫ ಕಿಲೋಗ್ರಾಂ ತೂಗುತ್ತಿದ್ದ ಹೊರಗಿನ ಸಾಮಾನೇ ಆಗಿದ್ದಿತು. ಜನರಿಗೆ ಅಭಿರುಚಿಯು ಹತ್ತಿದ ಮೇಲೆ ಕಾರ್ಖಾನೆಗಳು ತಾವೇ ರೇಡಿಯೊವನ್ನು ಕೂಡಿಸಿ ಕೊಡಲಾರಂಭಿಸಿದುವು. ಮುಂದಣ ಹಲಗೆಯಾದ ಡ್ಯಾಷ್‌ಬೋರ್ಡಿನ ನಡುವೆ ಒಂದೇ ಒಂದು ಸ್ಪೀಕರನ್ನು ಇಟ್ಟು, ಅದರ ಬಾಯಿಯನ್ನು ಎದುರುಗಾಜಿಗೆ ತಿರುಗಿಸಿಬಿಡುವುದು ಬಹುಕಾಲದವರೆಗೆ ಪದ್ಧತಿಯಾಗಿದ್ದಿತು. ಹೊರಗಿನವನು ಕಿವಿಯಿಂದ ಆರಂಭಿಸುತ್ತಿದ್ದನು, ಒಳಗಿನವನು ಲೆಕ್ಕದ ಪುಸ್ತಕದಿಂದ. ವಾಹನಧ್ವನಿಯ ಚರಿತ್ರೆಯೆಲ್ಲ ಈ ಇಬ್ಬರ ನಡುವಣ ಕೊಡುಕೊಳೆಯೇ ಆಗಿದೆ.

ಎರಡನೆಯ ಮಹಾಯುದ್ಧದ ಅನಂತರ ಶಕ್ತಿಯ ಕೊರತೆಯು ನೀಗುತ್ತ ಬಂದಿತು. ೧೯೫೦ರ ದಶಕದ ಮಧ್ಯದಲ್ಲಿ ಅಮೆರಿಕದ ಕಾರುಗಳು ೬ ವೋಲ್ಟುಗಳ ಬ್ಯಾಟರಿಯನ್ನು ಬಿಟ್ಟು ೧೨ ವೋಲ್ಟುಗಳದನ್ನು ಹಿಡಿದುವು. ೧೯೫೫ರಲ್ಲಿ ಕ್ರೈಸ್ಲರ್ ಮತ್ತು ಫಿಲ್ಕೋ ಸಂಸ್ಥೆಗಳು ಸೇರಿ, ಗಾಜಿನ ಕೊಳವೆಗಳಿಲ್ಲದ ಸಂಪೂರ್ಣ ಟ್ರಾನ್ಸಿಸ್ಟರಿನ ಕಾರುರೇಡಿಯೊವನ್ನು ಹೊರತಂದುವು. ಅದೇ ಕ್ರೈಸ್ಲರ್ ಸಂಸ್ಥೆಯು ೧೯೫೬ರ ಮಾದರಿಯ ಕಾರುಗಳಲ್ಲಿ, ನಿಮಿಷಕ್ಕೆ ಹದಿನಾರೂ ಮುಕ್ಕಾಲು ಸುತ್ತುಗಳಿಗಿಂತ ತುಸು ಕಡಿಮೆ ವೇಗದಲ್ಲಿ ತಿರುಗುವ ವಿಶೇಷವಾದ ಹಾಡಿನ ತಟ್ಟೆಗಳ ಯಂತ್ರವನ್ನೂ ಇಟ್ಟು ನೋಡಿತು. ಕೇಳುವವರಿಗೆ ತಮ್ಮ ಮೆಚ್ಚಿನ ಹಾಡನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವು ಗಾಡಿಯೊಳಗೆ ಸಿಕ್ಕಿದುದು ಹೀಗೆ. ಆದರೆ ಆ ತಟ್ಟೆಗಳ ಸಂಗ್ರಹವು ಅಲ್ಪವಾಗಿದ್ದುದರಿಂದ ಆ ಪ್ರಯತ್ನವು ಬಹುಕಾಲ ನಿಲ್ಲಲಿಲ್ಲ. ಪ್ರಯತ್ನವನ್ನು ಫಲವಾಗಿಸಿದುದು ನಾದಪಟ್ಟಿ, ಎಂದರೆ ಟೇಪು. ೧೯೬೬ರ ಮಾದರಿಯ ಫೋರ್ಡ್ ಕಾರುಗಳಲ್ಲಿ ಎಂಟು ಜಾಡುಗಳ ಟೇಪು ಯಂತ್ರವು ಬಂದಿತು. ೧೯೬೩ರಲ್ಲಿ ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯು ಬಿಡುಗಡೆಮಾಡಿದ್ದ ಚಿಕ್ಕ ಕ್ಯಾಸೆಟ್ಟು ಕ್ರಮೇಣ ಅದನ್ನು ಬದಿಗೊತ್ತಿ ಲೋಕವನ್ನೆಲ್ಲ ವ್ಯಾಪಿಸಿತು.

ಟೇಪಿನ ಜೊತೆಗೆ ಎಡಬಲಗಳ ಭೇದವುಳ್ಳ ಸ್ಟೀರಿಯೊ ಧ್ವನಿಯೂ ಬಂದುದರಿಂದ, ಒಂದೇ ಸ್ಪೀಕರಿನ ಆಳ್ವಿಕೆಯು ಮುಗಿಯಿತು. ಎರಡು ಬೇಕಾದುವು, ಎರಡು ನಾಲ್ಕಾದುವು. ಹೀಗೆ ಸ್ಪೀಕರು ಬಾಗಿಲಿಗೂ ಹಿಂಬದಿಯ ಹಲಗೆಗೂ ಹೋಯಿತು. ಆಗ ಹೊರಗಿನ ತಯಾರಕರಿಗೆ ಮತ್ತೊಮ್ಮೆ ಕಾಲ ಕೂಡಿಬಂದಿತು. ಮಂದ್ರಕ್ಕೆ ದೊಡ್ಡ ಶಂಕುವನ್ನೂ ತಾರಕ್ಕೆ ಚಿಕ್ಕದನ್ನೂ ಒಂದೇ ಅಕ್ಷದಲ್ಲಿ ಕೂಡಿಸುವ ಏಕಾಕ್ಷ ಪದ್ಧತಿಯು ಹೊಸದೇನೂ ಆಗಿರಲಿಲ್ಲ. ಇಂಗ್ಲೆಂಡಿನ ಟ್ಯಾನಾಯ್ ಸಂಸ್ಥೆಯು ೧೯೪೭ರಲ್ಲಿಯೇ ಮನೆಯ ಉಪಯೋಗಕ್ಕೂ ಧ್ವನಿಶಾಲೆಗಳ ಉಪಯೋಗಕ್ಕೂ ಇಂತಹುದನ್ನು ತಯಾರಿಸಿದ್ದಿತು. ಅದೇ ಕ್ರಮವು ಕಾರಿಗೆ ಇಳಿದುಬಂದು, ೬ ಅಂಗುಲ ಅಗಲ ೯ ಅಂಗುಲ ಉದ್ದದ ಅಂಡಾಕಾರದ ಸ್ಪೀಕರು ಹಿಂಬದಿಯ ಹಲಗೆಯ ಒಡೆಯನಾಯಿತು. ಜಪಾನಿನ ಪಯೊನೀರ್ ಸಂಸ್ಥೆಯು ೧೯೭೫ರಲ್ಲಿ ಗಾಡಿಯ ಧ್ವನಿಯಂತ್ರವನ್ನು ಬಿಡಿಬಿಡಿಯಾದ ಅಂಗಗಳಾಗಿ ಮಾರಾಟಕ್ಕಿಟ್ಟಿತು. ಗೃಹಸ್ಥನು ತನಗೆ ಬೇಕಾದುದನ್ನು ಮಾತ್ರ ಬದಲಿಸಿಕೊಳ್ಳುವ ಅವಕಾಶವು ಇದರಿಂದ ವಿಸ್ತಾರವಾಯಿತು.

ಯಂತ್ರದ ಮೂಲತತ್ತ್ವವು ಬದಲಾಗದಿದ್ದರೂ ಅದರ ದ್ರವ್ಯಗಳು ಬದಲಾದುವು. ಮೊದಮೊದಲು ಅಯಸ್ಕಾಂತವನ್ನೂ ವಿದ್ಯುತ್ತಿನಿಂದಲೇ ಉಂಟುಮಾಡಬೇಕಾಗಿದ್ದು ಬ್ಯಾಟರಿಗೆ ಅದು ಹೊರೆಯಾಗಿದ್ದಿತು. ೧೯೩೧ರಲ್ಲಿ ಜಪಾನಿನ ಟೊಕುಶಿಚಿ ಮಿಶಿಮ ಎಂಬ ವಿದ್ವಾಂಸನು ಅಲ್ಯೂಮಿನಿಯಂ, ನಿಕಲ್ಲು, ಕಬ್ಬಿಣಗಳ ಬೆರಕೆಯಿಂದ ಪ್ರಬಲವಾದ ಸ್ಥಿರ ಅಯಸ್ಕಾಂತವನ್ನು ಪಡೆದನು. ಕೋಬಾಲ್ಟನ್ನೂ ಸೇರಿಸಿದ ಅದರ ಸಂತತಿಯೇ ಆಲ್ನಿಕೊ ಎನಿಸಿತು. ೧೯೭೮ರಲ್ಲಿ ಆಫ್ರಿಕದ ಜಯೀರ್ ದೇಶದ ಶಾಬಾ ಪ್ರಾಂತದಲ್ಲಿ ಕಾಳಗವು ನಡೆದು ಕೋಬಾಲ್ಟಿನ ಬೆಲೆಯು ಏರಿದುದರಿಂದ, ಸ್ಪೀಕರು ತಯಾರಕರು ಅಗ್ಗವಾದ ಫೆರೈಟ್ ಅಯಸ್ಕಾಂತಕ್ಕೆ ತಿರುಗಿದರು. ೧೯೮೩ರಲ್ಲಿ ಜಪಾನಿನ ಸುಮಿಟೊಮೊ ಸಂಸ್ಥೆಯೂ ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯೂ ಬೇರೆ ಬೇರೆಯಾಗಿ ನಿಯೋಡಿಮಿಯಂ ಅಯಸ್ಕಾಂತವನ್ನು ಪ್ರಕಟಪಡಿಸಿದುವು. ಮುಷ್ಟಿಯಷ್ಟು ಫೆರೈಟಿನ ಕೆಲಸವನ್ನು ಒಂದು ನಾಣ್ಯದ ಗಾತ್ರದ ತುಂಡು ಮಾಡಬಲ್ಲದಾದುದರಿಂದ, ತೂಕವನ್ನು ಗುಂಜಿಗುಂಜಿಯಾಗಿ ಲೆಕ್ಕಹಾಕುವ ಕಾರ್ಖಾನೆಗಳಿಗೆ ಅದು ಪ್ರಿಯವಾಯಿತು. ಎಲ್ಲಿಯೋ ನಡೆದ ಕಾಳಗವೊಂದು ಇನ್ನೆಲ್ಲಿಯದೋ ಸಂಸಾರದ ಕಾರಿನ ಬಾಗಿಲೊಳಗಣ ವಸ್ತುವನ್ನು ಬದಲಿಸಿದುದು ಹೀಗೆ.

ಮಂಟಪದ ಪ್ರಶ್ನೆಯನ್ನು ಮತ್ತೆ ಎತ್ತಿದ ಕೀರ್ತಿಯು ಮುಖ್ಯವಾಗಿ ಮೂವರಿಗೆ ಸಲ್ಲತಕ್ಕದ್ದು. ಆಸ್ಟ್ರೇಲಿಯದ ನೆವಿಲ್ ಥೀಲ್ ೧೯೬೧ರಲ್ಲಿಯೂ ರಿಚರ್ಡ್ ಸ್ಮಾಲ್ ೧೯೭೨ರಿಂದ ಮುಂದಕ್ಕೂ ಬರೆದ ಲೇಖನಗಳಿಂದ, ಯಾವ ಸ್ಪೀಕರಿಗೆ ಎಷ್ಟು ಗಾತ್ರದ ಪೆಟ್ಟಿಗೆಯು ತಕ್ಕುದೆಂಬುದು ಗಣಿತದ ವಿಷಯವಾಯಿತು. ಮೂರನೆಯವನು ಅಮರ ಬೋಸ್. ಸ್ವಾತಂತ್ರ್ಯದ ಹೋರಾಟದಲ್ಲಿ ತೊಡಗಿ, ೧೯೨೦ರಲ್ಲಿ ಅಮೆರಿಕಕ್ಕೆ ಹೋಗಿ ನೆಲಸಿದ ವಂಗದೇಶೀಯನೊಬ್ಬನ ಮಗನಾಗಿ ೧೯೨೯ರಲ್ಲಿ ಫಿಲಡೆಲ್ಫಿಯದಲ್ಲಿ ಹುಟ್ಟಿ, ಮೆಸಚೂಸೆಟ್ಸ್ ಶಿಲ್ಪವಿದ್ಯಾಸಂಸ್ಥೆಯಲ್ಲಿ ಅಧ್ಯಾಪಕನಾಗಿದ್ದು, ೨೦೧೩ರಲ್ಲಿ ತೀರಿಕೊಂಡ ಈತನು ೧೯೬೪ರಲ್ಲಿ ತನ್ನ ಹೆಸರಿನ ಸಂಸ್ಥೆಯನ್ನು ಸ್ಥಾಪಿಸಿದನು. ಮನೆಯ ಕೋಣೆಗಿಂತ ಕಾರಿನ ಒಡಲು ಧ್ವನಿಗೆ ಒಂದು ವಿಧದಲ್ಲಿ ಅನುಕೂಲವೆಂಬುದು ಆತನ ಯುಕ್ತಿ. ಮನೆಯಲ್ಲಿ ಕೇಳುವವನು ಎಲ್ಲಿ ಕೂರುವನೋ ಹೇಳಲಾಗದು; ಕಾರಿನಲ್ಲಿಯಾದರೋ ಆಸನಗಳೂ ಗಾಜುಗಳೂ ಮೊದಲೇ ನಿಶ್ಚಿತವಾಗಿವೆ. ಆದುದರಿಂದ ಒಂದೊಂದು ಮಾದರಿಯ ಗಾಡಿಗೂ ತಕ್ಕಂತೆ ಸ್ಪೀಕರನ್ನು ರೂಪಿಸಬಹುದು. ೧೯೮೩ರ ಮಾದರಿಯ ಕ್ಯಾಡಿಲ್ಯಾಕ್ ಮೊದಲಾದ ಕಾರುಗಳಲ್ಲಿ ಈ ಕ್ರಮವು ಆಚರಣೆಗೆ ಬಂದಿತು. ಒಳಗಿನವರು ಕಿವಿಯಿಂದ ಆರಂಭಿಸಿದರೆ ಹೊರಗಿನವರನ್ನೂ ಮೀರಬಲ್ಲರೆಂಬುದು ಇದರಿಂದ ಸಿದ್ಧವಾಯಿತು. ಆದರೆ ಅದು ಧನಿಕರ ಗಾಡಿಗಳಿಗೆ ಸಂದ ಭಾಗ್ಯವಾಗಿದ್ದಿತು.

ಭರತಖಂಡದಲ್ಲಿ ಈ ಚರಿತ್ರೆಯು ತಡವಾಗಿ ನಡೆಯಿತು. ಕನ್ನಡನಾಡಿನಲ್ಲಿ ರೇಡಿಯೊವಿಗೆ ಅಂಕುರಾರ್ಪಣವಾದುದು ೧೯೩೫ರಲ್ಲಿ, ಮೈಸೂರಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರ ಮನೆಯಲ್ಲಿ. ಕೇವಲ ೩೦ ವಾಟುಗಳ ಪ್ರೇಷಕದಿಂದ ಅವರು ನಡೆಯಿಸಿದ ಕೇಂದ್ರದ ಆಕಾಶವಾಣಿಯೆಂಬ ಹೆಸರೇ ಮುಂದೆ ಅಖಿಲ ಭಾರತದ ಪ್ರಸಾರಸಂಸ್ಥೆಗೂ ಬಂದಿತು. ಶಬ್ದಕ್ಕೆ ಆಕಾಶವೇ ಆಶ್ರಯವೆಂದ ತಾರ್ಕಿಕರಿಗೆ ಇದರಲ್ಲಿ ಸಂತೋಷವಾಗಬೇಕಾದುದೇ. ೧೯೫೦ರ ದಶಕದಿಂದ ೨೦೧೪ರವರೆಗೆ ತಯಾರಾದ ಅಂಬಾಸಡರ್ ಕಾರು ಬಹುಮಟ್ಟಿಗೆ ಮೂಕವಾಗಿಯೇ ಬರುತ್ತಿದ್ದಿತು. ಧ್ವನಿಯು ಬೇಕಾದವರು ಪೇಟೆಯಲ್ಲಿ ಹಾಕಿಸಿಕೊಳ್ಳುತ್ತಿದ್ದರು. ನಿಸಾರ್ ಅಹಮದರ ಗೀತೆಗಳ ನಿತ್ಯೋತ್ಸವ ಧ್ವನಿಸುರುಳಿಯು ೧೯೭೮ರಲ್ಲಿ ಬಂದ ಮೇಲೆ ಭಾವಗೀತೆಯ ಕ್ಯಾಸೆಟ್ಟುಗಳು ಕನ್ನಡದ ಮನೆಗಳಿಗೆ ಧಾರಾಳವಾಗಿ ಬಂದುವು. ಮನೆಯಿಂದ ಗಾಡಿಗೂ ಬಂದುವು. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ೮೦೦ ಬಂದು ಮಧ್ಯಮವರ್ಗದ ಸಂಸಾರಕ್ಕೆ ಕಾರು ಎಟುಕಿತು. ಅದರ ಹಿಂಬದಿಯ ಹಲಗೆಯ ಮೇಲೆ ಎರಡು ಸ್ಪೀಕರು ಪೆಟ್ಟಿಗೆಗಳನ್ನು ಕೂಡಿಸಿಕೊಳ್ಳುವುದು ಗೃಹಪ್ರವೇಶದಷ್ಟೇ ಸಂಭ್ರಮದ ಕಾರ್ಯವಾಗಿದ್ದಿತು. ಬೆಂಗಳೂರಿನ ಜಯಚಾಮರಾಜೇಂದ್ರ ರಸ್ತೆಯ ಅಂಗಡಿಗಳು ಇಂತಹ ಕೆಲಸಕ್ಕೆ ಹೆಸರಾದುವು. ೨೦೦೧ರ ಜುಲೈ ತಿಂಗಳಲ್ಲಿ ದೇಶದ ಮೊದಲನೆಯ ಖಾಸಗಿ ಎಫ್. ಎಂ. ಕೇಂದ್ರವು ಬೆಂಗಳೂರಿನಲ್ಲಿಯೇ ಆರಂಭವಾಗಿ, ಗಾಡಿಯಲ್ಲಿ ಕೇಳುವ ಅಭ್ಯಾಸವು ದಿನನಿತ್ಯದ್ದಾಯಿತು. ಬಿಡದಿಯ ಕಾರ್ಖಾನೆಯಿಂದ ಹೊರಟ ಕ್ವಾಲಿಸ್‌ನಂತಹ ದೊಡ್ಡ ಗಾಡಿಗಳಲ್ಲಿ ಅಜ್ಜಿಯಿಂದ ಮೊಮ್ಮಗುವಿನವರೆಗೆ ಮೂರು ತಲೆಮಾರು ಒಟ್ಟಿಗೆ ಕುಳಿತು ಒಂದೇ ಹಾಡನ್ನು ಕೇಳುವ ಸಂದರ್ಭವೂ ಒದಗಿತು.

ಇಷ್ಟಾದರೂ ಇಂದಿನ ಸಾಧಾರಣ ಕಾರಿನಲ್ಲಿ ಕಾರ್ಖಾನೆಯ ಸ್ಪೀಕರು ಏಕೆ ಬಡವಾಗಿ ನುಡಿಯುತ್ತದೆ? ಗಾಡಿಯನ್ನು ಕೊಳ್ಳುವವನು ಅದರ ಬಣ್ಣವನ್ನೂ, ಮೈಲಿಗೆ ಸುಡುವ ಎಣ್ಣೆಯನ್ನೂ ವಿಚಾರಿಸುತ್ತಾನಲ್ಲದೆ ಬಾಗಿಲೊಳಗಣ ಅಯಸ್ಕಾಂತವನ್ನು ವಿಚಾರಿಸುವುದಿಲ್ಲ. ಕಾಣದ ವಸ್ತುವಿನಲ್ಲಿ ಮಿತವ್ಯಯ ಮಾಡುವುದು ವ್ಯಾಪಾರಧರ್ಮ. ಆದುದರಿಂದ ಪ್ಲಾಸ್ಟಿಕ್ಕಿನ ಚೌಕಟ್ಟು, ಚಿಕ್ಕ ಅಯಸ್ಕಾಂತ, ಒಂದೇ ಶಂಕು ಇವುಗಳಿಂದ ಅದು ತಯಾರಾಗುತ್ತದೆ. ಶಂಕುವು ಕಾಗದದ್ದೆಂಬುದು ಮಾತ್ರ ದೋಷವಲ್ಲ. ಹಗುರವೂ ಗಟ್ಟಿಯೂ ಆದ ಕಾಗದವನ್ನು ಉತ್ತಮ ತಯಾರಕರು ಇಂದಿಗೂ ಬಳಸುತ್ತಾರೆ. ದೋಷಗಳು ಎರಡು. ಆರೂವರೆ ಅಂಗುಲದ ಒಂದೇ ಶಂಕು ಬಾಗಿಲಿನ ಬುಡದಲ್ಲಿ ಕುಳಿತು ತಾರಧ್ವನಿಯನ್ನೆಲ್ಲ ಕುಳಿತವರ ಮೊಣಕಾಲಿಗೆ ನಿವೇದಿಸುತ್ತದೆ. ಕಿವಿಗೆ ಅದರ ಶೇಷವು ಮಾತ್ರ ಮುಟ್ಟುತ್ತದೆ. ಶ, ಷ, ಸ ಮೊದಲಾದ ಊಷ್ಮಾಕ್ಷರಗಳ ಸತ್ತ್ವವು ಬಹುಮಟ್ಟಿಗೆ ಸೆಕೆಂಡಿಗೆ ಎರಡು ಮೂರು ಸಾವಿರ ಕಂಪನಗಳಿಗಿಂತ ಮೇಲೆಯೇ ಇರುವುದರಿಂದ, ಹಿಂದಿನ ಆಸನದಲ್ಲಿರುವ ವೃದ್ಧರಿಗೆ ಹಾಡು ಕೇಳಿಸಿಯೂ ಮಾತು ತಿಳಿಯುವುದಿಲ್ಲ. ದಾಸರ ಪದವೊಂದರಲ್ಲಿ ಮಾತೇ ತಿಳಿಯದೆಹೋದರೆ ಉಳಿಯುವುದೇನು? ಎರಡನೆಯ ದೋಷವು ೧೯೨೫ರಲ್ಲಿಯೇ ರೈಸ್ ಮತ್ತು ಕೆಲಾಗ್ ಎಚ್ಚರಿಸಿದ್ದುದು. ಕಾರಿನ ಬಾಗಿಲಿನ ಒಳತಗಡಿನಲ್ಲಿ ದೊಡ್ಡ ದೊಡ್ಡ ರಂಧ್ರಗಳಿರುತ್ತವೆ. ಮುಂದಣ ಗಾಳಿಯೂ ಹಿಂದಣ ಗಾಳಿಯೂ ಅವುಗಳ ಮೂಲಕ ಕೂಡಿ ಮಂದ್ರವನ್ನು ಅಳಿಸುತ್ತವೆ. ತೆಳುವಾದ ತಗಡು ತಾನೂ ನಡುಗಿ ಅಪಸ್ವರವನ್ನು ಸೇರಿಸುತ್ತದೆ. ಮೃದಂಗದ ಬಲಮುಖದ ಕಪ್ಪು ಲೇಪದಿಂದ ಅದರ ಉಪಸ್ವರಗಳು ಸುಸಂಗತವಾಗುವುದನ್ನು ಸಿ. ವಿ. ರಾಮನ್ನರು ಶೋಧಿಸಿ ೧೯೨೦ರಲ್ಲಿ ಪ್ರಕಟಿಸಿದರು; ಬೆಂಗಳೂರಿಗೆ ಬಂದ ಮೇಲೆ ೧೯೩೪ರಲ್ಲಿ ಅದನ್ನು ವಿಸ್ತರಿಸಿ ಬರೆದರು. ಅಷ್ಟು ಸೂಕ್ಷ್ಮವಾದ ವಾದ್ಯದ ಎಡಮುಖದ ಗುಂಕಾರವು ಕಂಪಿಸುವ ತಗಡಿನಲ್ಲಿ ಬರಿಯ ದಡಬಡವಾಗಿಬಿಡುತ್ತದೆ.

ಸಂಸ್ಕಾರದ ಕ್ರಮವು ಇದರಿಂದ ತಾನಾಗಿಯೇ ಸಿದ್ಧಿಸುತ್ತದೆ. ಮೊದಲು ದೋಷಾಪನಯನ. ಬಾಗಿಲಿನ ತಗಡಿಗೆ ಬ್ಯುಟೈಲ್ ರಬ್ಬರಿನ ಹಾಳೆಯನ್ನು ಅಂಟಿಸಿ ಅದರ ನಡುಕವನ್ನು ಅಡಗಿಸಬೇಕು. ಒಳತಗಡಿನ ರಂಧ್ರಗಳನ್ನು ಮುಚ್ಚಬೇಕು. ಸ್ಪೀಕರು ಕೂರುವ ಬಳೆಯನ್ನು ಗಟ್ಟಿಯಾದ ವಸ್ತುವಿನಿಂದ ಮಾಡಿಸಿ, ಸಂದಿಲ್ಲದಂತೆ ಬಿಗಿಯಬೇಕು. ಮಳೆಯ ನೀರು ಹರಿದುಹೋಗಲು ಬಾಗಿಲಿನ ತಳದಲ್ಲಿರುವ ತೂತುಗಳನ್ನು ಮಾತ್ರ ಮುಚ್ಚಲಾಗದು. ಮುಚ್ಚಿದರೆ ಬಾಗಿಲು ತುಕ್ಕುಹಿಡಿಯುತ್ತದೆ. ಕೆಲವು ಗಾಡಿಗಳಲ್ಲಿ ಪಕ್ಕದ ಏರ್‌ಬ್ಯಾಗಿನ ಒತ್ತಡಸೂಚಕವು ಬಾಗಿಲೊಳಗೇ ಇರುವುದರಿಂದ, ಪ್ರಾಣರಕ್ಷಣೆಯ ಆ ಅಂಗಕ್ಕೆ ಬಾಧೆಯಾಗದಂತೆ ತಯಾರಕರ ಸೂಚನೆಯನ್ನು ವಿಚಾರಿಸಿಕೊಳ್ಳುವುದು ಅವಶ್ಯವು. ಗಾಜು ಕೆಳಗಿಳಿಯುವಾಗ ಸ್ಪೀಕರಿನ ಬೆನ್ನಿಗೆ ತಾಗದಂತೆ ಆಳವನ್ನು ಅಳೆಯಬೇಕು. ಕಾರ್ಖಾನೆಯ ತಂತಿಗಳನ್ನು ಕತ್ತರಿಸದೆ, ಆಯಾ ಗಾಡಿಗೆ ದೊರೆಯುವ ಕನೆಕ್ಟರುಗಳಿಂದಲೇ ಜೋಡಿಸಿದರೆ ಮುಂದೆ ತಗಾದೆಗೆ ಎಡೆಯಿರುವುದಿಲ್ಲ.

ಅನಂತರ ಗುಣಾಧಾನ. ಇಲ್ಲಿ ಡಬ್ಬದ ಮೇಲಣ ವಾಟುಗಳ ಸಂಖ್ಯೆಗೆ ಮರುಳಾಗಕೂಡದು. ಕಾರಿನ ರೇಡಿಯೊವಿನ ಮೇಲೆ ನಾಲ್ಕು ಸ್ಪೀಕರುಗಳಿಗೆ ತಲಾ ೫೦ ವಾಟುಗಳೆಂದು ಬರೆದಿರುವುದುಂಟು. ಓಡುವ ಗಾಡಿಯ ವಿದ್ಯುತ್ತು ಸುಮಾರು ೧೪ ವೋಲ್ಟುಗಳು ಮಾತ್ರ. ಸ್ಪೀಕರಿನ ತಡೆಯು ೪ ಓಂ. ಈ ಎರಡು ಅಂಕಗಳಿಂದ ಗುಣಿಸಿ ಭಾಗಿಸಿದರೆ, ಶುದ್ಧವಾದ ಧ್ವನಿಯಲ್ಲಿ ತಲಾ ೨೦ ವಾಟುಗಳ ಆಸುಪಾಸಿಗಿಂತ ಹೆಚ್ಚು ನಿರಂತರವಾಗಿ ಬರಲಾರದೆಂಬುದು ಗೊತ್ತಾಗುತ್ತದೆ. ಆದುದರಿಂದ ಪ್ರತ್ಯೇಕವಾದ ಆಂಪ್ಲಿಫೈಯರಿಲ್ಲದವರು, ಕಡಿಮೆ ಶಕ್ತಿಯಲ್ಲಿಯೂ ಚೆನ್ನಾಗಿ ನುಡಿಯುವ, ಎಂದರೆ ಸಂವೇದನೆಯ ಡೆಸಿಬಲ್ ಅಂಕವು ಹೆಚ್ಚಾಗಿರುವ ಸ್ಪೀಕರನ್ನೇ ಆರಿಸಬೇಕು. ಆ ಅಂಕದಲ್ಲಿ ಮೂರರಷ್ಟು ಹೆಚ್ಚಾದರೆ ಶಕ್ತಿಯನ್ನು ಇಮ್ಮಡಿಗೊಳಿಸಿದಷ್ಟೇ ಫಲವುಂಟು. ತಾರಧ್ವನಿಯ ಚಿಕ್ಕ ಸ್ಪೀಕರಾದ ಟ್ವೀಟರನ್ನು ಬಾಗಿಲಿನ ಬುಡದಲ್ಲಿಡದೆ ಕನ್ನಡಿಯ ಕೊನೆಯ ಹತ್ತಿರ, ಕಿವಿಯ ಎತ್ತರಕ್ಕೆ ಸಮೀಪವಾಗಿ ಕೂಡಿಸಿದರೆ ಅಕ್ಷರಗಳು ಸ್ಪಷ್ಟವಾಗುತ್ತವೆ. ಮುಂಭಾಗದ ಎರಡು ಬಾಗಿಲುಗಳನ್ನು ಹೀಗೆ ಸಂಸ್ಕರಿಸಿದರೆ ಎಷ್ಟೋ ಸಂಸಾರಗಳಿಗೆ ಅಷ್ಟೇ ಸಾಕಾಗುತ್ತದೆ.

ಸದ್ದಿನ ಮಿತಿಯ ವಿಷಯವನ್ನೂ ಹೇಳದಿರಲಾಗದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಪ್ರಕಟಿಸಿದ ಪ್ರಮಾಣದಂತೆ, ೮೦ ಡೆಸಿಬಲ್ಲಿನ ಧ್ವನಿಯನ್ನು ವಾರಕ್ಕೆ ೪೦ ಗಂಟೆಗಳವರೆಗೆ ಕೇಳಬಹುದು. ಅದು ಮೂರು ಡೆಸಿಬಲ್ ಏರಿದಾಗಲೆಲ್ಲ ಕಾಲವು ಅರ್ಧವಾಗುತ್ತದೆ. ೯೨ ಡೆಸಿಬಲ್ಲಿಗೆ ಏರಿದರೆ ವಾರಕ್ಕೆ ಎರಡೂವರೆ ಗಂಟೆ ಮಾತ್ರ ಕ್ಷೇಮ. ಮುಚ್ಚಿದ ಗಾಡಿಯಲ್ಲಿ ಅಷ್ಟು ಸದ್ದನ್ನು ಹುಟ್ಟಿಸುವುದು ಸುಲಭವೇ ಸರಿ. ಸ್ಪೀಕರಿನ ಹಾಳಾದ ಶಂಕುವಿಗೆ ಬದಲು ಶಂಕುವು ಅಂಗಡಿಯಲ್ಲಿ ದೊರೆಯುತ್ತದೆ. ಹಿಂದಿನ ಆಸನದಲ್ಲಿರುವ ಮಗುವಿನ ಕಿವಿಯೊಳಗಣ ಸೂಕ್ಷ್ಮ ರೋಮಗಳು ಒಮ್ಮೆ ನಾಶವಾದರೆ ಮರಳಿ ಹುಟ್ಟುವುದಿಲ್ಲ. ಚೆನ್ನಾಗಿ ಸಂಸ್ಕಾರಗೊಂಡ ಧ್ವನಿಗೆ ಇಲ್ಲಿಯೂ ಒಂದು ಮೇಲ್ಮೆಯುಂಟು. ಮಾತು ತಿಳಿಯದಿದ್ದಾಗ ಮನುಷ್ಯನು ಸದ್ದನ್ನು ಹೆಚ್ಚಿಸುತ್ತಾನೆ. ತಿಳಿದರೆ ತಾನಾಗಿಯೇ ತಗ್ಗಿಸುತ್ತಾನೆ.

ವಿದ್ಯುತ್ತಿನ ಗಾಡಿಗಳು ಬರುತ್ತಿರುವ ಈ ದಿನಗಳಲ್ಲಿ ಚರಿತ್ರೆಯು ಒಂದು ಸುತ್ತನ್ನು ಮುಗಿಸಿದಂತೆ ತೋರುತ್ತದೆ. ೧೯೩೦ರಲ್ಲಿ ಎಂಜಿನಿನ ಕಿಡಿಯು ರೇಡಿಯೊವನ್ನು ಕೆಡಿಸುತ್ತಿದ್ದಂತೆ, ಇಂದು ವಿದ್ಯುತ್ ಯಂತ್ರದ ಕ್ಷೋಭೆಯು ಮಧ್ಯಮತರಂಗದ ಪ್ರಸಾರವನ್ನು ಕೆಡಿಸುವುದರಿಂದ, ಕೆಲವು ತಯಾರಕರು ಅಂತಹ ಗಾಡಿಗಳಲ್ಲಿ ಆ ಪ್ರಸಾರವನ್ನು ಕೇಳುವ ಅನುಕೂಲವನ್ನೇ ತೆಗೆದುಬಿಟ್ಟಿದ್ದಾರೆ. ಎಂಜಿನಿನ ಘೋಷವು ಹೋದುದರಿಂದ, ಅದರಡಿಯಲ್ಲಿ ಮರೆಯಾಗಿದ್ದ ಸ್ಪೀಕರಿನ ಕುಂದುಗಳೂ ಬಯಲಿಗೆ ಬಂದಿವೆ. ಮನೆಯಲ್ಲಿ ಒಬ್ಬೊಬ್ಬರೂ ಕಿವಿಗೆ ಒಂದೊಂದು ಯಂತ್ರವನ್ನು ಸಿಕ್ಕಿಸಿಕೊಂಡು ಬೇರೆ ಬೇರೆ ಲೋಕಗಳಲ್ಲಿರುವ ಈ ಕಾಲದಲ್ಲಿ, ಸಂಸಾರವೆಲ್ಲ ಕೂಡಿ ಒಂದೇ ಹಾಡನ್ನು ಕೇಳುವ ಎಡೆಯಾಗಿ ಉಳಿದಿರುವುದು ಬಹುಶಃ ಈ ಗಾಡಿಯೊಂದೇ. ಅಲ್ಲಿಯ ಧ್ವನಿಯನ್ನು ಶುದ್ಧಿಗೊಳಿಸಲು ಮಾಡುವ ವೆಚ್ಚವು ಸಾರ್ಥಕವಾದುದೇ. ಆದರೆ ಕಲ್ಲನ್ನು ಆರಿಸುವ ಕೆಲಸವು ಮೊದಲಾಗಲಿ. ತುಪ್ಪವು ಆಮೇಲೆ, ಅದೂ ಹಿತವಾಗುವಷ್ಟು.